“ಜಂಬ ಜಾಸ್ತಿ” ಅಂದರೆ ಅದು ವಿಮರ್ಶೆಗೆ ಉತ್ತರವಾ?

ಹೊಳೆಬದಿ · ಸೋಮವಾರ ರಾತ್ರಿ 9:10

ಹೋದ ಶನಿವಾರ ಕಾಸರಗೋಡಿನ ನೀರ್ಚಾಲು ಕಡೆಯ ಒಂದು ಸಭಾಭವನದಲ್ಲಿ ತಾಳಮದ್ದಳೆ ಇತ್ತು. ಗೊತ್ತಿಲ್ಲದವರಿಗೆ, ಇದು ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಪಾತ್ರದವರು ಮಾತಿನಲ್ಲಿ ಅದರ ಅರ್ಥ ಹೇಳುತ್ತಾರೆ. ಪ್ರಸಂಗ ವಾಲಿವಧೆ. ಮಳೆ ಇದ್ದರೂ ಅರುವತ್ತು ಜನ ಸೇರಿದ್ದರು. ಕೇಳಿ ಬಂದು, ಮರುದಿನ ಕೂತು ಒಂದೂವರೆ ಪುಟ ಬರೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ.

ನನ್ನ ತಕರಾರು ಎರಡೇ. ಬಾಣ ತಾಗಿ ಬಿದ್ದ ಮೇಲೆ ವಾಲಿ 40 ನಿಮಿಷ ಮಾತಾಡಿದ. ನಾನು ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಎದೆಗೆ ಬಾಣ ನಾಟಿದವನಿಗೆ ಅಷ್ಟು ಉಸಿರು ಎಲ್ಲಿಂದ ಬಂತು? ಇನ್ನೊಂದು, ರಾಮನಿಗೆ ಮಾತಿಗೆ ಎಡೆಯೇ ಸಿಗಲಿಲ್ಲ. ವಾಲಿವಧೆಯಲ್ಲಿ ಜನ ಕಾಯುವುದೇ ಆ ಪ್ರಶ್ನೆಗೆ, “ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ?” ಅದಕ್ಕೆ ಉತ್ತರ ಬರಬೇಕಲ್ವಾ?

31 ಪ್ರತಿಕ್ರಿಯೆ ಬಂದವು. “40 ಅಲ್ಲ ಸ್ವಾಮಿ, 25 ನಿಮಿಷ” ಅಂತ ಒಬ್ಬರಾದರೂ ಹೇಳಿದ್ದರೆ ನಾನು ಖುಷಿಪಡುತ್ತಿದ್ದೆ. ಯಾರೂ ಹೇಳಲಿಲ್ಲ. “ಬರೆದವರಿಗೆ ಜಂಬ ಜಾಸ್ತಿ.” “ತಾನೊಬ್ಬನೇ ತಿಳಿದವ ಅಂತ ಬೀಗುವುದು.” “ತುಂಬಿದ ಕೊಡ ತುಳುಕುವುದಿಲ್ಲ.” ಇಷ್ಟೇ. ಒಬ್ಬರು ಬರೀ ಎರಡು ಕೈ ಮುಗಿದ ಚಿತ್ರ ಹಾಕಿದರು. ಅದರ ಅರ್ಥ ನಿಮಗೆಲ್ಲ ಗೊತ್ತು.

ನನ್ನ ಪ್ರಶ್ನೆ ಇಷ್ಟು. ನನಗೆ ಜಂಬ ಇದೆ ಅಂತಲೇ ಇಟ್ಟುಕೊಳ್ಳಿ. ಆಗ 40 ನಿಮಿಷ ಕಡಿಮೆಯಾಗುತ್ತದಾ?

ಕರಿಕೋಟು · ಸೋಮವಾರ ರಾತ್ರಿ 9:32

ಆಗುವುದಿಲ್ಲ. ನಮ್ಮ ಕೋರ್ಟಿನಲ್ಲಿ ಎದುರಿನ ವಕೀಲರ ಧಿಮಾಕಿನ ಬಗ್ಗೆ ಯಾರೂ ಅರ್ಜಿ ಹಾಕುವುದಿಲ್ಲ. ಹಾಕುವ ಹಾಗಿದ್ದರೆ ನನ್ನ ಮೇಲೆಯೇ ಹತ್ತು ಬೀಳುತ್ತಿತ್ತು.

ಈ ಆರೋಪಕ್ಕೆ ಒಂದು ಅನುಕೂಲ ಇದೆ. ಸಾಕ್ಷಿ ಬೇಕಾಗಿಲ್ಲ. “ನೀವು ಹೇಳಿದ ಇಸವಿ ತಪ್ಪು” ಅಂದರೆ ತೋರಿಸಬೇಕು. “ನಿಮ್ಮ ಧಾಟಿ ಸರಿ ಇಲ್ಲ” ಅಂದರೆ ಏನೂ ತೋರಿಸಬೇಕಾಗಿಲ್ಲ. ನೀವು ಇಲ್ಲ ಅಂದಷ್ಟೂ ಅದು ಗಟ್ಟಿಯಾಗುತ್ತದೆ. “ನೋಡಿ, ಒಪ್ಪಿಕೊಳ್ಳುವುದೂ ಇಲ್ಲ, ಎಂಥ ಜಂಬ!”

ಅರ್ಥ ಹೇಳುವ ಅಕ್ಕ · ಸೋಮವಾರ ರಾತ್ರಿ 9:51

ಇದನ್ನು ನಮ್ಮಂಥವರ ಹತ್ತಿರ ಕೇಳಿ. ನಾನು ಮಹಿಳೆಯರ ತಂಡದಲ್ಲಿ ಹನ್ನೆರಡು ವರ್ಷದಿಂದ ಅರ್ಥ ಹೇಳುತ್ತಿದ್ದೇನೆ. ಒಮ್ಮೆ ಕೃಷ್ಣಸಂಧಾನದಲ್ಲಿ ನನ್ನದು ಕೌರವ. ಒಳ್ಳೆಯ ತಯಾರಿ ಮಾಡಿದ್ದೆ. ಐದು ಗ್ರಾಮವೂ ಯಾಕೆ ಕೊಡುವುದಿಲ್ಲ ಅಂತ ನಾಲ್ಕು ಕಾರಣ ಜೋಡಿಸಿಕೊಂಡಿದ್ದೆ. ಕೃಷ್ಣ ಮಾಡಿದವರು ಒಂದು ಹಂತದಲ್ಲಿ ನಿಜವಾಗಿಯೂ ತಡವರಿಸಿದರು.

ಮುಗಿದ ಮೇಲೆ ಚಾ ಕುಡಿಯುವಾಗ ಒಬ್ಬ ಹಿರಿಯರು ಹತ್ತಿರ ಬಂದು, “ಚೆನ್ನಾಗಿತ್ತಮ್ಮ. ಸ್ವಲ್ಪ ಅಹಂಕಾರ ಕಂಡಿತು” ಅಂದರು.

ಕೌರವನಲ್ಲಿ ಅಹಂಕಾರ ಕಾಣದೆ ಮತ್ತೆಂತ ಕಾಣಬೇಕು ಮಾರಾಯ್ರೆ? ಅದೇ ವಾರ ಅದೇ ಹಿರಿಯರು ಬೇರೊಬ್ಬರ ಕೌರವ ಕೇಳಿ “ಏನು ಪಾಂಡಿತ್ಯ, ಏನು ಗತ್ತು!” ಅಂತ ಹೊಗಳಿದ್ದನ್ನು ನಾನೇ ಕೇಳಿದ್ದೇನೆ. ಗಂಡಸು ಹೇಳಿದರೆ ಗತ್ತು, ನಾನು ಹೇಳಿದರೆ ಅಹಂಕಾರ. ಮಾತು ಅದೇ. ಶಲ್ಯ ಹೊದ್ದವರು ಬೇರೆ.

ಹಾಗಾಗಿ ಈ ಆರೋಪ ಬಂದಾಗ ನಾನು ಮೊದಲು ನೋಡುವುದು ಯಾರ ಮೇಲೆ ಬಂತು ಅಂತ.

ಚೌಕಿ ಹಿಂದಿನವ · ಸೋಮವಾರ ರಾತ್ರಿ 10:15

ಅಕ್ಕ ಹೇಳಿದ್ದು ಸರಿ. ಆದರೆ ಹೊಳೆಬದಿಯವರನ್ನು ಇಷ್ಟು ಬೇಗ ಬಿಡಬೇಡಿ.

ತಾಳಮದ್ದಳೆ ಶುರುವಾಗುವುದೇ ಜಂಬದಿಂದ. ಪೀಠಿಕೆ ಅಂದರೆ ಎಂತದು? ಪಾತ್ರ ತನ್ನನ್ನು ತಾನೇ ಹೊಗಳಿಕೊಳ್ಳುವುದು. ನಾನು ಯಾರು, ನನ್ನ ವಂಶ ಯಾವುದು, ನಾನು ಗೆದ್ದ ಯುದ್ಧ ಎಷ್ಟು. ಮಾಗಧನ, ಅಂದರೆ ಜರಾಸಂಧನ, ಪೀಠಿಕೆ ಕೇಳಿದವರಿಗೆ ಗೊತ್ತು, ಒಬ್ಬ ಮನುಷ್ಯ ತನ್ನನ್ನು ಎಷ್ಟು ಮೆಚ್ಚಿಕೊಳ್ಳಬಹುದು ಅಂತ. ಶೇಣಿ ಗೋಪಾಲಕೃಷ್ಣ ಭಟ್ಟರು ನಮ್ಮ ಕುಂಬಳೆ ಸೀಮೆಯವರೇ. 1918ರಲ್ಲಿ ಹುಟ್ಟಿದವರು, 2006ರಲ್ಲಿ ಹೋದರು. ಅವರ ವಾಲಿ, ಮಾಗಧ, ರಾವಣರ ಮಾತು ಧ್ವನಿಮುದ್ರಣದಲ್ಲಿ ಈಗಲೂ ಸಿಗುತ್ತದೆ. ಆ ಗತ್ತು ಕೇಳಿ ಯಾರಾದರೂ “ಈ ಭಟ್ಟರಿಗೆ ಜಂಬ” ಅಂತ ಎದ್ದು ಹೋಗುತ್ತಿದ್ದರಾ? ಬೆಳಗಿನ ತನಕ ಕೂತು ಕೇಳುತ್ತಿದ್ದರು.

ಯಾಕೆ? ಎದುರು ಒಬ್ಬರು ಕೂತಿರುತ್ತಿದ್ದರು. ನಡುವಿನಲ್ಲಿ ಭಾಗವತರು, ಈಚೆ ಒಬ್ಬರು, ಆಚೆ ಒಬ್ಬರು. ಈಚೆಯವರ ಮಾತು ಮುಗಿಯುವುದನ್ನೇ ಆಚೆಯವರು ಕಾಯುತ್ತಿರುತ್ತಾರೆ, ಬೆಕ್ಕು ಕಾದ ಹಾಗೆ. ಹೆಚ್ಚು ಹಾರಿದರೆ ಹಿಡಿದು ಇಳಿಸುವುದಕ್ಕೆ ಜನ ಇದ್ದಾರೆ. ಶೇಣಿಯವರನ್ನೂ ಅವರ ಎದುರು ಅರ್ಥ ಹೇಳುತ್ತಿದ್ದ ಸಾಮಗರನ್ನೂ ಶೇಣಿ–ಸಾಮಗ ಅಂತ ಜನ ಜೋಡಿಯಾಗಿಯೇ ನೆನಪಿಟ್ಟುಕೊಂಡಿದ್ದಾರೆ. ಒಬ್ಬರ ಹೆಸರು ಸಾಕಾಗಲಿಲ್ಲ ನೋಡಿ.

ವಿಮರ್ಶೆ ಬರೆಯುವವನಿಗೆ ಎದುರು ಯಾರೂ ಕೂತಿಲ್ಲ. ಅವನು ಹೇಳಿದ್ದೇ ಪದ, ಅವನು ಹೇಳಿದ್ದೇ ಅರ್ಥ, ಮಂಗಳವೂ ಅವನದ್ದೇ. ಜನಕ್ಕೆ ಕಿರಿಕಿರಿ ಆಗುವುದು ಅಲ್ಲಿ. ನೀವು ವಾಲಿಯ ಬಗ್ಗೆ ಹೇಳಿದ್ದೂ ಅದನ್ನೇ ಅಲ್ವಾ, ಎದುರಿನವನಿಗೆ ಬಿಡಲಿಲ್ಲ ಅಂತ?

ನಿಮ್ಮ ಬರಹ ಪೂರ್ತಿ ಇಲ್ಲಿ ಹಾಕಿ. ನೋಡುವ.

ಹೊಳೆಬದಿ · ಸೋಮವಾರ ರಾತ್ರಿ 10:40

ಪೂರ್ತಿ ಹಾಕಿದರೆ ಉದ್ದ ಆಗುತ್ತದೆ. ಕೊನೆಯ ಪ್ಯಾರ ಹಾಕುತ್ತೇನೆ. ಹೆಚ್ಚಿನವರು ಹಿಡಿದುಕೊಂಡದ್ದು ಅದನ್ನೇ.

“ಪಾಪ, ಹುಡುಗನಿಗೆ ಕಂಠ ಇದೆ, ಉತ್ಸಾಹ ಇದೆ. ಚಪ್ಪಾಳೆಯೂ ಬಿತ್ತು. ಆದರೆ ಇದು ತಾಳಮದ್ದಳೆಯೇ ಎಂದು ಕೇಳಿದರೆ, ತಿಳಿದವರಿಗೆ ಬೇರೆ ಹೇಳಬೇಕಾಗಿಲ್ಲ.”

ಮುಳ್ಳೇರಿಯದ ಟೀಚರ್ · ಸೋಮವಾರ ರಾತ್ರಿ 10:58

ಸಿಕ್ಕಿತು.

ನಾನು ಮೂವತ್ತು ವರ್ಷ ಮಕ್ಕಳ ಪುಸ್ತಕ ತಿದ್ದಿದವಳು, ಆದ್ದರಿಂದ ಕ್ಷಮಿಸಿ. ಮೂರು ಪದಕ್ಕೆ ಕೆಂಪು ಶಾಯಿ ಹಾಕುತ್ತೇನೆ.

“ಪಾಪ.” ಇದು ಕರುಣೆ ಅಲ್ಲ. ಬೆನ್ನು ತಟ್ಟುವ ಹಾಗೆ ಮಾಡಿ ಕೆಳಗೆ ಕೂರಿಸುವುದು.

“ಚಪ್ಪಾಳೆಯೂ ಬಿತ್ತು.” ಆ “ಯೂ” ನೋಡಿ. ಒಂದೇ ಅಕ್ಷರ. ಚಪ್ಪಾಳೆ ತಟ್ಟಿದ ಅಷ್ಟೂ ಜನ ದಡ್ಡರು ಅಂತ ಅದು ಹೇಳುತ್ತದೆ. ನಮ್ಮ ಭಾಷೆಯಲ್ಲಿ ಬೈಯಲು ಇಡೀ ವಾಕ್ಯ ಬೇಡ, ಒಂದು ಊ ಸಾಕು.

“ತಿಳಿದವರಿಗೆ ಬೇರೆ ಹೇಳಬೇಕಾಗಿಲ್ಲ.” ಇದಂತೂ ಬಾಗಿಲು ಹಾಕಿದ ಹಾಗೆ. ಒಪ್ಪಿದವ ತಿಳಿದವ, ಒಪ್ಪದವ ತಿಳಿಯದವ. ಯಾರು ಉತ್ತರ ಕೊಟ್ಟರೂ ತಿಳಿಯದವರ ಪಟ್ಟಿಗೆ ಸೇರುತ್ತಾರೆ. ಮತ್ತೆ ಅವರು ನಿಮ್ಮ 40 ನಿಮಿಷದ ಬಗ್ಗೆ ಹೇಗೆ ಮಾತಾಡಬೇಕು? ಅವರಿಗೆ ಉಳಿದದ್ದು ನಿಮ್ಮ ಜಂಬದ ಬಗ್ಗೆ ಮಾತಾಡುವುದು ಮಾತ್ರ.

ನಿಮ್ಮ ತಕರಾರು ಎರಡೂ ಸರಿ ಇರಬಹುದು. ನಾನು ಕೇಳಿಲ್ಲ, ಹಾಗಾಗಿ ಹೇಳುವುದಿಲ್ಲ. ಆದರೆ ಆ 31 ಜನ ಸುಮ್ನೆ ಹೇಳಿದ್ದಲ್ಲ.

ಹೊಳೆಬದಿ · ಸೋಮವಾರ ರಾತ್ರಿ 11:05

ಟೀಚರ್, ಆ “ಯೂ” ನನಗೆ ಬರೆಯುವಾಗ ಗೊತ್ತೇ ಆಗಲಿಲ್ಲ.

ಮುಳ್ಳೇರಿಯದ ಟೀಚರ್ · ಸೋಮವಾರ ರಾತ್ರಿ 11:07

ಗೊತ್ತಾಗುವುದಿಲ್ಲ. ಕೇಳುವವರಿಗೆ ಮಾತ್ರ ಗೊತ್ತಾಗುತ್ತದೆ.

ಎರಡು ಭಾಷೆಯ ಬಾಯಿ · ಮಂಗಳವಾರ ಬೆಳಿಗ್ಗೆ 7:20

ಒಂದು ಸಣ್ಣ ವಿಷಯ. ಮಲಯಾಳದಲ್ಲಿ ಇದಕ್ಕೆ ಒಳ್ಳೆಯ ಪದ ಇದೆ. ಪುಚ್ಛಂ. ಹೀಯಾಳಿಕೆ, ತಾತ್ಸಾರ, ಮೂಗಿನ ತುದಿಯ ನಗು, ಎಲ್ಲ ಸೇರಿ ಒಂದೇ ಪದ. ಅವರ ಚರ್ಚೆಗಳಲ್ಲಿ ದಿನಕ್ಕೆ ನೂರು ಸಲ ಬರುತ್ತದೆ. ಸಿನೆಮಾ ವಿಮರ್ಶೆ ಬರೆದವನಿಗೆ ಮೊದಲ ಬೈಗಳು ಅದೇ. ಎರಡನೆಯದು “ಬುಜಿ”. ಬುದ್ಧಿಜೀವಿಯನ್ನು ಕತ್ತರಿಸಿ ಮಾಡಿದ್ದು.

ನಮ್ಮ ಮನೆಯಲ್ಲಿ ಎರಡೂ ಭಾಷೆ ಓಡುತ್ತದೆ. ಒಮ್ಮೆ ಹೆಂಡತಿ ಮಲಯಾಳದಲ್ಲಿ “ನಿಮಗೆ ಎಲ್ಲದಕ್ಕೂ ಪುಚ್ಛಂ” ಅಂದಳು. ಕನ್ನಡ ಶಾಲೆಯಲ್ಲಿ ಓದುವ ಮಗಳು ನನ್ನ ಹಿಂದೆ ಬಂದು ನೋಡಿದಳು, ಬಾಲ ಎಲ್ಲಿದೆ ಅಂತ.

ಕನ್ನಡದಲ್ಲಿ ಜಂಬ, ಹಮ್ಮು, ಬಿಂಕ, ಸೊಕ್ಕು, ಗತ್ತು ಇಷ್ಟೆಲ್ಲ ಇದ್ದರೂ ಸರಿಯಾಗಿ ಇದಕ್ಕೆ ಕೂರುವ ಪದ ಯಾವುದು? ಜಂಬದವನು ಕೂಗಿ ಹೇಳುತ್ತಾನೆ. ನಾವು ಹೇಳುತ್ತಿರುವವನು ಕೂಗುವುದೇ ಇಲ್ಲ. ಅವನು ಸುಮ್ಮನೆ ನಗುತ್ತಾನೆ.

ನಿವೃತ್ತ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 8:45

ಹತ್ತಿರ ಬರುವುದು “ಬೀಗು”. ಬೀಗುವುದು ಅಂದರೆ ಉಬ್ಬುವುದು. ಒಳಗಿಂದ ಉಬ್ಬುವುದು. ಸದ್ದಿಲ್ಲ. ಹೊಳೆಬದಿಯವರ ಮೇಲಿನ ಆರೋಪದಲ್ಲೇ ಆ ಪದ ಇದೆ, ಗಮನಿಸಿ. ಜನರ ಬಾಯಿಗೆ ಸರಿಯಾದ ಪದವೇ ಬರುತ್ತದೆ.

ಇಂಗ್ಲಿಷಿನವರು ಸ್ಮಗ್ ಅನ್ನುತ್ತಾರೆ. ಅದರ ಕತೆ ಚಂದ ಇದೆ. ಮೊದಲು ಆ ಪದಕ್ಕೆ ಕೆಟ್ಟ ಅರ್ಥವೇ ಇರಲಿಲ್ಲ. ಅಚ್ಚುಕಟ್ಟು, ಓರಣ, ನೀಟಾಗಿ ಬಟ್ಟೆ ಹಾಕಿದವ ಅಂತ. ಉತ್ತರ ಜರ್ಮನಿ ಕಡೆಯ ಮಾತಿನಿಂದ ಬಂದದ್ದು ಅನ್ನುತ್ತಾರೆ. ಡೇನಿಶ್ ಭಾಷೆಯಲ್ಲಿ ಸ್ಮುಕ್ ಅಂದರೆ ಈಗಲೂ ಸುಂದರ. ಆಮೇಲೆ ಅಚ್ಚುಕಟ್ಟು ಹೋಗಿ, ತನ್ನ ಅಚ್ಚುಕಟ್ಟನ್ನು ತಾನೇ ಕನ್ನಡಿಯಲ್ಲಿ ನೋಡಿ ಮೆಚ್ಚುವವ ಅಂತ ಆಯಿತು. ಒಗೆದು ಇಸ್ತ್ರಿ ಹಾಕಿದ ಪಂಚೆಯಿಂದ ಮನುಷ್ಯನ ಮುಖಕ್ಕೆ ಬಂತು, ಅಷ್ಟೇ.

ನಮ್ಮ ನ್ಯಾಯಶಾಸ್ತ್ರದವರು ಮಾತಿನ ಜಗಳವನ್ನು ಮೂರು ಬಗೆ ಮಾಡಿದ್ದಾರೆ. ವಾದ, ಜಲ್ಪ, ವಿತಂಡ. ನಿಜ ಯಾವುದು ಅಂತ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ವಿತಂಡ ಅಂದರೆ ನಾವು ಈಗ ಬೈಯುವ ಅರ್ಥದಲ್ಲಿ ಮೊಂಡುವಾದ ಅಲ್ಲ. ತನ್ನದು ಅಂತ ಒಂದು ಪಕ್ಷವನ್ನೇ ಇಡದೆ ಎದುರಿನವನದ್ದನ್ನು ಕೆಡಹುವುದು. “ನಿನಗೆ ಜಂಬ” ಎನ್ನುವುದು ಶುದ್ಧ ವಿತಂಡ. “ತಿಳಿದವರಿಗೆ ಹೇಳಬೇಕಾಗಿಲ್ಲ” ಎನ್ನುವುದೂ ವಿತಂಡವೇ. ಅದರಲ್ಲೂ ಪಕ್ಷ ಇಲ್ಲ. ಹೇಳಬೇಕಾದ್ದನ್ನು ಹೇಳಿಲ್ಲವಲ್ಲ!

ಸುಮ್ನೆ ಓದುವವ · ಮಂಗಳವಾರ ಬೆಳಿಗ್ಗೆ 9:02

ಒಂದು ತಾಳಮದ್ದಳೆಗೆ ಡೇನಿಶ್ ಭಾಷೆ ತರುವುದೇ ಜಂಬ ಅಲ್ವಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 9:10

ಹೌದು. ಪಿಂಚಣಿ ಬರುತ್ತದೆ, ಕೆಲಸ ಇಲ್ಲ.

ಬೆಂಗಳೂರು ಪಾರ್ಸೆಲ್ · ಮಂಗಳವಾರ ಮಧ್ಯಾಹ್ನ 1:15

ನಾನು ಪೆರ್ಲದವ. ಹದಿನಾಲ್ಕು ವರ್ಷದಿಂದ ಬೆಂಗಳೂರು. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ನನಗೆ ವಾರಕ್ಕೊಮ್ಮೆ ಸಿಗುವ ಹೊಗಳಿಕೆ: “ಕೇರಳದವರಾ? ಅಯ್ಯೋ, ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!” ಹೇಳುವವರು ಒಳ್ಳೆಯವರೇ. ಕೆಟ್ಟ ಮನಸ್ಸಿಲ್ಲ. ಆದರೆ ನನ್ನ ಅಜ್ಜ, ಅವರ ಅಜ್ಜ ಎಲ್ಲ ಕನ್ನಡದಲ್ಲೇ ಲೆಕ್ಕ ಬರೆದವರು. ನಮ್ಮ ಪಕ್ಕದ ಮಂಜೇಶ್ವರದಲ್ಲಿ ಗೋವಿಂದ ಪೈಗಳು ಇದ್ದರು. ನನಗೆ ಕನ್ನಡಕ್ಕೆ ಪಾಸು ಮಾರ್ಕು ಕೊಡಲು ಇವರು ಯಾರು? ಇದಕ್ಕೆ ಏನಾದರೂ ಹೇಳಿದರೆ, “ಹೊಗಳಿದರೂ ಕೋಪ, ನಿಮ್ಮ ಕಡೆಯವರಿಗೆ ಜಂಬ” ಅನ್ನುತ್ತಾರೆ.

ಇನ್ನೊಂದು ತಮಾಷೆ. 2020ರ ಲಾಕ್‌ಡೌನ್ ಸಮಯದಲ್ಲಿ ನನ್ನ ಆಫೀಸಿನ ಅರ್ಧ ಜನ ಮಲಯಾಳ ಸಿನೆಮಾ ಪಂಡಿತರಾದರು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದಿಕೊಂಡು ನೋಡಿ, “ನಾನು ಕನ್ನಡ ಸಿನೆಮಾ ನೋಡೋದಿಲ್ಲಪ್ಪ, ಮಲಯಾಳ ಮಾತ್ರ” ಅನ್ನುವುದು ಒಂದು ಪದವಿ ಆಯಿತು. ನಾನು ಕಾಸರಗೋಡಿನ ಟಾಕೀಸಿನಲ್ಲಿ ಮಲಯಾಳದ ನೂರು ಕೆಟ್ಟ ಸಿನೆಮಾ ನೋಡಿ ಬೆಳೆದವ. ಅಲ್ಲಿಯೂ ಮಾವ ಅಳಿಯನಿಗೆ ಹೊಡೆಯುವ, ಕೊನೆಗೆ ಎಲ್ಲರೂ ನಗುವ ಸಿನೆಮಾಗಳೇ ಜಾಸ್ತಿ ಅಂತ ಹೇಳಿದರೆ ನಂಬುವುದಿಲ್ಲ. ಆರಿಸಿ ಕಳಿಸಿದ ಹತ್ತು ನೋಡಿ ಇಡೀ ರಾಜ್ಯದ ರುಚಿ ಅಳೆಯುತ್ತಾರೆ.

ಅವರಿಗೆ ಸಿನೆಮಾ ಇಷ್ಟ ಆದದ್ದು ನಿಜ. ಅದರ ಜೊತೆಗೆ ಪಕ್ಕದವನಿಗಿಂತ ನಾನು ಒಂದು ಮೆಟ್ಟಿಲು ಮೇಲೆ ಅನ್ನುವುದೂ ಇಷ್ಟ ಆಗಿದೆ. ಅಷ್ಟೇ ನನ್ನ ತಕರಾರು.

ಅರ್ಥ ಹೇಳುವ ಅಕ್ಕ · ಮಂಗಳವಾರ ಮಧ್ಯಾಹ್ನ 2:30

ಪಾರ್ಸೆಲಣ್ಣ, ನಮ್ಮದೂ ಸ್ವಲ್ಪ ಹೇಳಿ. “ಬೆಂಗಳೂರಿನವರದ್ದು ಕಂಗ್ಲಿಷ್, ನಮ್ಮದು ಗ್ರಂಥದ ಕನ್ನಡ” ಅಂತ ನಾವು ಮದುವೆ ಮನೆಗಳಲ್ಲಿ ಎಷ್ಟು ಬೀಗುತ್ತೇವೆ! ಹಾಗೆ ಹೇಳುವಾಗ ಪಕ್ಕದಲ್ಲಿ ಬಡಿಸುತ್ತಿದ್ದ ಹುಬ್ಬಳ್ಳಿ ಕಡೆಯ ಹುಡುಗ ಕನ್ನಡವೇ ಮಾತಾಡುತ್ತಿದ್ದ. ಅವನ ಕನ್ನಡಕ್ಕೆ ನಕ್ಕವರೂ ನಾವೇ.

ಬೆಂಗಳೂರು ಪಾರ್ಸೆಲ್ · ಮಂಗಳವಾರ ಮಧ್ಯಾಹ್ನ 2:34

ಒಪ್ಪಿದೆ. ನನ್ನ ಅಮ್ಮ ಆ ಗುಂಪಿನ ಅಧ್ಯಕ್ಷೆ.

ಕರಿಕೋಟು · ಮಂಗಳವಾರ ಸಂಜೆ 6:20

ಕಲೆಯಿಂದ ಸ್ವಲ್ಪ ಹೊರಗೆ ಬರೋಣ. ಈ “ಜಂಬ” ಅನ್ನುವ ಮಾತು ಸಾರ್ವಜನಿಕ ಜಗಳದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಗಡಿಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರಿಗೆ ಸೇರಲಿ ಅಂತ ವರದಿ ಕೊಟ್ಟಿತು. ವರದಿ ಕಪಾಟಿನಲ್ಲಿ ಉಳಿಯಿತು. ಅದು ಈಗ ನನ್ನ ವಿಷಯ ಅಲ್ಲ. ನಾನು ಹೇಳುವುದು ದಿನನಿತ್ಯದ್ದು. ಒಂದು ಕಚೇರಿಗೆ ಹೋಗಿ ಕನ್ನಡದ ಅರ್ಜಿ ಫಾರಂ ಕೇಳಿ. ಜಗಳ ಮಾಡುವುದಿಲ್ಲ ಅವರು. ನಗುತ್ತಾರೆ. “ನಿಮಗೆ ಮಲಯಾಳ ಬರುತ್ತದಲ್ಲ?” ಆ ನಗುವಿನ ಎದುರು ವಾದ ಮಾಡುವುದು ಹೇಗೆ? ನಗುವಿಗೆ ಮೇಲ್ಮನವಿ ಇಲ್ಲ.

ಈಗ ಇನ್ನೊಂದು ಕಡೆಯಿಂದ ನೋಡಿ. ನಮ್ಮವರೊಬ್ಬರು ಸಂವಿಧಾನದ ಪುಸ್ತಕ ಹಿಡಿದುಕೊಂಡು ಹೋದರು. 350ಎ ವಿಧಿಯಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಕರ್ಯದ ಮಾತಿದೆ, 350ಬಿಯಲ್ಲಿ ಭಾಷಾ ಅಲ್ಪಸಂಖ್ಯಾತರಿಗೆ ವಿಶೇಷ ಅಧಿಕಾರಿಯ ಮಾತಿದೆ ಅಂತ ಓದಿ ಹೇಳಿದರು. ಹೊರಗೆ ಬಂದ ಮೇಲೆ ಅವರ ಬಗ್ಗೆ ಏನು ಮಾತು? “ಭಾರೀ ಕಾನೂನು ತಿಳಿದವ. ಜಂಬ.”

ಒಳಗೆ ಕೂತವನು ನಕ್ಕರೆ ಅದು ಸೌಜನ್ಯ. ಹೊರಗೆ ನಿಂತವನು ವಿಧಿಯ ನಂಬರು ಹೇಳಿದರೆ ಜಂಬ. ನಿನ್ನೆ ಅಕ್ಕ ಹೇಳಿದ ಕೌರವನ ಕತೆಯೇ ಇದು. ಕುರ್ಚಿ ಯಾರದ್ದು ಅಂತ ನೋಡಿ.

ಹಾಗೆ ನೋಡಿದರೆ ನಮ್ಮ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳ ಹೆಸರಿನ ಕೇಸು ನನಗೆ ಇಷ್ಟ. ಕೇಶವಾನಂದ ಭಾರತಿ ಕೇಸು, 1973ರ ಏಪ್ರಿಲ್ 24ರ ತೀರ್ಪು. 13 ನ್ಯಾಯಾಧೀಶರು. 7 ಒಂದು ಕಡೆ, 6 ಇನ್ನೊಂದು ಕಡೆ. ಸಂಸತ್ತು ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಅನ್ನುವ ಮಾತು ಒಬ್ಬರೇ ಒಬ್ಬರ ಅಂತರದಲ್ಲಿ ನಿಂತಿತು. ಆದರೂ ಸೋತ ಪಕ್ಷದವರ ಕಾರಣಗಳೂ ಅದೇ ತೀರ್ಪಿನಲ್ಲಿ ಅಚ್ಚಾಗಿವೆ. ಇವತ್ತಿಗೂ ಓದಬಹುದು. “ತಿಳಿದವರಿಗೆ ಬೇರೆ ಹೇಳಬೇಕಾಗಿಲ್ಲ” ಅಂತ ಯಾರೂ ಮುಗಿಸಲಿಲ್ಲ.

ಚೌಕಿ ಹಿಂದಿನವ · ಮಂಗಳವಾರ ಸಂಜೆ 6:48

ಆ ಸ್ವಾಮಿಗಳು ಸ್ವತಃ ಭಾಗವತಿಕೆ ಮಾಡುತ್ತಿದ್ದರು ಅನ್ನುವುದನ್ನೂ ಹೇಳಿ ವಕೀಲರೇ. ಎರಡೂ ಕಡೆಗೆ ಪದ ಕೊಡುವ ಜಾಗ ಅದು.

ಇನ್ನೊಂದು. ಅರ್ಥ ಹೇಳುತ್ತಿದ್ದ ಕುಂಬ್ಳೆ ಸುಂದರ ರಾಯರು 1994ರಲ್ಲಿ ಸುರತ್ಕಲ್‌ನಿಂದ ಶಾಸಕರಾದವರು. ಅವರ ಪ್ರಾಸದ ಮಾತು ಕೇಳಲು ಜನ ಎಷ್ಟು ದೂರದಿಂದ ಬರುತ್ತಿದ್ದರು! ವಿಧಾನಸಭೆಯೂ ತಾಳಮದ್ದಳೆಯ ಹಾಗೆಯೇ, ಎದುರು ಬದಿ ಅಂತ ಒಂದು ಸಾಲು ಕಾಯಂ ಇದೆ. ಈಗಿನ ಟಿವಿ ಚರ್ಚೆಯಲ್ಲಿ ಎದುರು ಬದಿಯವರನ್ನೂ ಕೂರಿಸುತ್ತಾರೆ, ಮೈಕ್ ಮಾತ್ರ ನಡುವಿನವನ ಕೈಯಲ್ಲಿ. ಭಾಗವತನೇ ಅರ್ಥ ಹೇಳಲು ಶುರು ಮಾಡಿದರೆ ಆಟ ಕೆಟ್ಟಿತು ಅಂತಲೇ ಲೆಕ್ಕ.

ನಿವೃತ್ತ ಮೇಷ್ಟ್ರು · ಮಂಗಳವಾರ ರಾತ್ರಿ 8:05

ಡೇನಿಶ್ ಬಿಟ್ಟು ಊರಿಗೆ ಬರುತ್ತೇನೆ.

ನಮ್ಮಲ್ಲಿ ಒಂದು ಹಳೆಯ ಜಗಳ ಇದೆ. ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಬರೆದವನು ಕುಂಬಳೆಯ ಪಾರ್ತಿಸುಬ್ಬನೋ ಅಲ್ಲವೋ ಅಂತ. ನೀವು ಶನಿವಾರ ಕೇಳಿದ ವಾಲಿವಧೆಯೂ ಆ ಜಗಳದ ಒಳಗೇ ಬರುತ್ತದೆ. ಶಿವರಾಮ ಕಾರಂತರು ಒಪ್ಪಲಿಲ್ಲ. ಮುಳಿಯ ತಿಮ್ಮಪ್ಪಯ್ಯನವರು, ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪರ. ಕಾರಂತರ ಬರವಣಿಗೆಯ ಧಾಟಿ ಹೇಗಿರುತ್ತಿತ್ತು ಅಂತ ಓದಿದವರಿಗೆ ಗೊತ್ತು. ಎದುರಿನವರನ್ನು ಸಮಾಧಾನ ಮಾಡುವ ಧಾಟಿ ಅಲ್ಲ. ಕುಂಬಳೆ ಕಡೆಯವರಿಗೆ ಸಿಟ್ಟು ಬರಲಿಕ್ಕೆ ಅದೇ ಸಾಕಿತ್ತು.

ಆದರೆ ಉತ್ತರ ಕೊಟ್ಟವರು ಓಲೆಗರಿ ಹಿಡಿದುಕೊಂಡು ಕೂತರು. ಯಾವ ಪದ್ಯದಲ್ಲಿ ಯಾವ ದೇವರ ಅಂಕಿತ ಇದೆ, ಯಾವ ಪ್ರತಿ ಎಲ್ಲಿ ಸಿಕ್ಕಿತು, ಭಾಷೆಯಲ್ಲಿ ಯಾವ ಸೀಮೆಯ ಗುರುತು ಇದೆ. ನನಗೆ ಕುಕ್ಕಿಲರ ವಾದ ಹೆಚ್ಚು ಸರಿ ಕಾಣುತ್ತದೆ. ನಾನು ಈ ಸೀಮೆಯವನು, ಆದ್ದರಿಂದ ನನ್ನ ಮಾತಿಗೆ ಸ್ವಲ್ಪ ತೂಕ ಕಳೆಯಿರಿ. ಕಾರಂತರಿಗೆ ಹಮ್ಮು ಇತ್ತು ಅಂತ ಹೇಳಿ ಮುಗಿಸಿದ್ದರೆ ಆ ಪ್ರತಿಗಳನ್ನು ಯಾರು ಕೂತು ಹೋಲಿಸುತ್ತಿದ್ದರು?

ಎರಡು ಭಾಷೆಯ ಬಾಯಿ · ಮಂಗಳವಾರ ರಾತ್ರಿ 8:30

ಅಂದರೆ ವಿಮರ್ಶಕನಿಗೆ ಹಮ್ಮು ಇದ್ದರೂ ಪರವಾಗಿಲ್ಲ ಅಂತಲಾ?

ನಿವೃತ್ತ ಮೇಷ್ಟ್ರು · ಮಂಗಳವಾರ ರಾತ್ರಿ 8:41

ಕೈಗೆ ಸಿಗುವ ಹಾಗೆ ಏನಾದರೂ ಕೊಟ್ಟಿದ್ದರೆ ಪರವಾಗಿಲ್ಲ. ಹಿಡಿದು ಎಳೆಯಲು ಒಂದು ತುದಿ ಬೇಕು. ಕಾರಂತರು ತುದಿ ಕೊಟ್ಟಿದ್ದರು. ಹೊಳೆಬದಿಯವರ ಮೊದಲ ಪ್ಯಾರದಲ್ಲಿ 40 ನಿಮಿಷ ಅಂತ ಒಂದು ತುದಿ ಇದೆ. ಕೊನೆಯ ಪ್ಯಾರದಲ್ಲಿ ಇಲ್ಲ.

ಸುಮ್ನೆ ಓದುವವ · ಮಂಗಳವಾರ ರಾತ್ರಿ 8:55

ಹಾಗಾದರೆ “ನನ್ನ ಅಲ್ಪಮತಿಗೆ ತೋಚಿದಂತೆ” ಅಂತ ಶುರು ಮಾಡುವವರು? ಅವರಷ್ಟು ಬೀಗಿದವರನ್ನು ನಾನು ನೋಡಿಲ್ಲ.

ಮುಳ್ಳೇರಿಯದ ಟೀಚರ್ · ಮಂಗಳವಾರ ರಾತ್ರಿ 9:00

ಅದಕ್ಕೆ ಕೆಂಪು ಶಾಯಿ ಸಾಲದು.

ನಿರ್ವಾಹಕ · ಮಂಗಳವಾರ ರಾತ್ರಿ 9:20

ಶನಿವಾರದ ವಾಲಿಯ ಹೆಸರು ಹೇಳಿ ಹಾಕಿದ್ದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಹೆಸರು ಬೇಡ. ವಿಷಯ ಮುಂದುವರಿಸಿ.

ಮೂರನೇ ಕುರ್ಚಿ · ಮಂಗಳವಾರ ರಾತ್ರಿ 10:12

ನಾನು ಇಲ್ಲಿ ಮೊದಲ ಸಲ ಬರೆಯುತ್ತಿರುವುದು. ಎರಡು ದಿನದಿಂದ ಓದುತ್ತಿದ್ದೇನೆ.

ಶನಿವಾರ ರಾಮನ ಅರ್ಥ ಹೇಳಿದವನು ನಾನು. ಹೇಳಿದವನು ಅನ್ನಬೇಕೋ, ಕೂತವನು ಅನ್ನಬೇಕೋ.

40 ನಿಮಿಷ ಅಂತ ಬರೆದಿದ್ದೀರಿ. ಹತ್ತಿರ ಹತ್ತಿರ ಸರಿ. ಆದರೆ ಹೊಳೆಬದಿಯವರೇ, ನಿಮ್ಮ ಬರಹ ನಾನು ಮೂರು ಸಲ ಓದಿದೆ. ಒಂದೂವರೆ ಪುಟ ವಾಲಿಯ ಬಗ್ಗೆ. ವಾಲಿಯ ಕಂಠ, ವಾಲಿಯ ಉತ್ಸಾಹ, ವಾಲಿಯ ತಪ್ಪು. ರಾಮನ ಬಗ್ಗೆ ಒಂದೇ ಸಾಲು, “ರಾಮನಿಗೆ ಮಾತಿಗೆ ಎಡೆ ಸಿಗಲಿಲ್ಲ.” ಎಡೆ ಸಿಕ್ಕ ಏಳೆಂಟು ನಿಮಿಷದಲ್ಲಿ ನಾನು ಏನು ಹೇಳಿದೆ ಅಂತ ಇಲ್ಲ. ಒಳ್ಳೆಯದಾಗಿತ್ತೋ ಕೆಟ್ಟದಾಗಿತ್ತೋ ಅಂತಲೂ ಇಲ್ಲ.

ಅವನು ಮೈಕಿನ ಎದುರು ಬಿಡಲಿಲ್ಲ. ನೀವು ಕಾಗದದ ಮೇಲೆ ಬಿಡಲಿಲ್ಲ.

ಬೇಸರದಿಂದ ಹೇಳುತ್ತಿಲ್ಲ. ಸ್ವಲ್ಪ ಬೇಸರ ಇದೆ.

ಹೊಳೆಬದಿ · ಮಂಗಳವಾರ ರಾತ್ರಿ 10:50

ಅರ್ಧ ಗಂಟೆಯಿಂದ ಬರೆದು ಅಳಿಸುತ್ತಿದ್ದೇನೆ.

ನೀವು ಹೇಳಿದ್ದು ಸರಿ. ನನ್ನ ನೋಟ್‌ಬುಕ್ ತೆಗೆದು ನೋಡಿದೆ. ವಾಲಿಯ ಮಾತಿಗೆ ನಾಲ್ಕು ಪುಟ ಟಿಪ್ಪಣಿ ಇದೆ. ರಾಮ ಅಂತ ಬರೆದು ಗೆರೆ ಎಳೆದು, ಕೆಳಗೆ ಎರಡೇ ಮಾತು: “ರುಮೆ. ಬೇಟೆ.” ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ವಿಷಯ, ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವ ವಿಷಯ. ನೀವು ಅವನ್ನು ಎತ್ತಿದಿರಿ ಅಂತ ನೆನಪಿದೆ. ಹೇಗೆ ಎತ್ತಿದಿರಿ ಅಂತ ನೆನಪಿಲ್ಲ. ಆಗ ನಾನು ವಾಲಿಯ ಮೇಲೆ ಬರೆಯಬೇಕಾದ ವಾಕ್ಯ ತಲೆಯಲ್ಲಿ ಜೋಡಿಸುತ್ತಿದ್ದೆ ಅಂತ ಕಾಣುತ್ತದೆ. ಬಹುಶಃ ಆ “ತಿಳಿದವರಿಗೆ” ವಾಕ್ಯವನ್ನೇ.

ಕೊನೆಯ ಪ್ಯಾರ ತೆಗೆದು ಬರಹವನ್ನು ಮತ್ತೆ ಗುಂಪಿಗೆ ಹಾಕುತ್ತೇನೆ. 40 ನಿಮಿಷ ಇರುತ್ತದೆ. ಅದನ್ನು ಬಿಡುವುದಿಲ್ಲ.

ಒಂದು ಕೇಳಬಹುದಾ? ಇನ್ನೂ ಹತ್ತು ನಿಮಿಷ ಸಿಕ್ಕಿದ್ದರೆ ಏನು ಹೇಳುತ್ತಿದ್ದಿರಿ?

ಮೂರನೇ ಕುರ್ಚಿ · ಮಂಗಳವಾರ ರಾತ್ರಿ 11:20

ಎಲ್ಲರೂ ಹೇಳುವ ರುಮೆ, ಬೇಟೆ, ರಾಜಧರ್ಮ ಅಂತ ಶುರು ಮಾಡಿದರೆ ವಾಲಿಗೆ ಉತ್ತರ ಸಿದ್ಧ ಇರುತ್ತದೆ. ಅವನು ನೂರು ಸಲ ಕೇಳಿದ್ದಾನೆ. ನಾನು ಬೇರೆ ದಾರಿ ಯೋಚಿಸಿಕೊಂಡು ಹೋಗಿದ್ದೆ.

ಮೊದಲು ಒಪ್ಪಿಕೊಳ್ಳುವುದು. “ಹೌದು ವಾಲಿ, ಮರೆಯಲ್ಲಿ ನಿಂತೆ. ನಿನ್ನ ಎದುರು ನಿಂತವನ ಅರ್ಧ ಬಲ ನಿನಗೆ ಹೋಗುತ್ತದೆ ಅಂತ ಸುಗ್ರೀವ ಹೇಳಿದ್ದ. ಹೆದರಿದೆ.” ರಾಮನ ಬಾಯಲ್ಲಿ ಹೆದರಿದೆ ಅನ್ನುವ ಮಾತು ಬಂದರೆ ವಾಲಿ ಮುಂದೆ ಏನು ಹೇಳುತ್ತಾನೆ? ಅದನ್ನು ಕೇಳಬೇಕು ಅಂತ ನನಗೇ ಕುತೂಹಲ ಇತ್ತು. ಅಲ್ಲಿಂದ ಮುಂದೆ ನನ್ನ ಹತ್ತಿರ ತಯಾರಿ ಇರಲಿಲ್ಲ. ಅವನು ಹೇಳಿದ್ದಕ್ಕೆ ನಾನು, ನಾನು ಹೇಳಿದ್ದಕ್ಕೆ ಅವನು, ಹಾಗೆ ಹೋಗಬೇಕಿತ್ತು.

ಶುರು ಮಾಡಲು ಗಂಟಲು ಸರಿ ಮಾಡಿಕೊಂಡೆ. ಅಷ್ಟು ಹೊತ್ತಿಗೆ ಭಾಗವತರು ಗಡಿಯಾರ ನೋಡಿ ಮುಂದಿನ ಪದ ಎತ್ತಿದರು. ಅವರ ತಪ್ಪಲ್ಲ. ಮುಳ್ಳೇರಿಯಕ್ಕೆ ಹೋಗುವ ನಾಲ್ಕು ಜನಕ್ಕೆ ಕೊನೆಯ ಬಸ್ಸು ಹಿಡಿಯಬೇಕಿತ್ತು.

ಚೌಕಿ ಹಿಂದಿನವ · ಮಂಗಳವಾರ ರಾತ್ರಿ 11:26

ರಾಮ ಹೆದರಿದ ಅಂದರೆ ಸಭೆ ಬಿಡುತ್ತದಾ ಮಾರಾಯ್ರೆ? ನಾನು ಒಪ್ಪುವುದಿಲ್ಲ. ಆದರೆ ನನ್ನನ್ನು ವಾಲಿಗೆ ಕೂರಿಸಿ, ಒಮ್ಮೆ ಕೇಳುತ್ತೇನೆ.

ಮುಳ್ಳೇರಿಯದ ಟೀಚರ್ · ಬುಧವಾರ ಬೆಳಿಗ್ಗೆ 6:40

ನಮ್ಮ ಮನೆಯ ಚಾವಡಿಯಲ್ಲಿ ಇಪ್ಪತ್ತು ಜನ ಕೂರಬಹುದು. ಬರುವ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಇಟ್ಟುಕೊಳ್ಳಿ, ಬಸ್ಸಿನ ಚಿಂತೆ ಇಲ್ಲ. ಮದ್ದಳೆಗೆ ಯಾರಾದರೂ ಜನ ಹುಡುಕಿ. ಹೊಳೆಬದಿಯವರು ಬರುವಾಗ ಎರಡು ನೋಟ್‌ಬುಕ್ ತನ್ನಿ.